ಮೂಲೆಗೆ ಎರಡು ಚುಕ್ಕಿ

ಮೂಲೆಗೆ ಎರಡರಂತೆ ಇಟ್ಟ ಚುಕ್ಕಿಗಳನ್ನು ಒರೆಸಬೇಕಿತ್ತು. ಒದ್ದೆ ಕೈ ಆಡಿಸಿದ್ದರೆ ಸಾಕಿತ್ತು, ಸುಣ್ಣ ಇನ್ನೂ ಹಸಿಯಾಗಿತ್ತು. ನಾನು ಒರೆಸಲಿಲ್ಲ. ಒರೆಸಲಿಲ್ಲ ಎಂದು ನನ್ನ ತಂಗಿಗೆ ಹೇಳಲೂ ಇಲ್ಲ. ಇಪ್ಪತ್ತು ವರ್ಷಕ್ಕೂ ಮೇಲೆ ಅವಳು ಆ ತಪ್ಪು ತನ್ನದೇ ಎಂದು ನಂಬಿ ಬದುಕಿದಳು. ನಾನು ಅದೇ ಮನೆಯಲ್ಲಿ ಅವಳಿಗೆ ರೊಟ್ಟಿ ಬಡಿದು ಹಾಕುತ್ತಾ ಸುಮ್ಮನಿದ್ದೆ.

ನಾನು ಓದಿದ್ದು ನಾಲ್ಕನೇ ಕ್ಲಾಸು. ಇಷ್ಟುದ್ದ ಬರೆದ ಅಭ್ಯಾಸವಿಲ್ಲ. ಆದರೆ ಹೋದ ತಿಂಗಳು ಹರಿಹರದಲ್ಲಿ ಪರಿಚಯದವರ ಮನೆಗೆ ನಾಮಕರಣಕ್ಕೆ ಹೋಗಿದ್ದೆ. ಕಾಲು ತೊಳೆಯಲು ಹಿತ್ತಲಿಗೆ ಹೋಗಿ, ಚಪ್ಪಲಿ ಬಿಟ್ಟು, ತೊಟ್ಟಿಯ ಪಕ್ಕದ ಚಪ್ಪಡಿಯ ಮೇಲೆ ಕಾಲಿಟ್ಟೆ. ಕಣ್ಣಿಗೆ ಕಾಣುವ ಮೊದಲೇ ಅಂಗಾಲಿಗೆ ಗೊತ್ತಾಯಿತು. ಅಲೆ ಅಲೆಯಾದ ಕಲ್ಲು. ಒದ್ದೆ ಮರಳಿನಂತೆ ಮೆತ್ತಗೆ ಅನಿಸುತ್ತದೆ, ಕಾಲು ಒತ್ತಿದರೆ ಕಲ್ಲು. ಅದೇ ಗಳಿಗೆಗೆ ಮೂಗಿಗೆ ಹಸಿ ಸುಣ್ಣದ ವಾಸನೆ ಬಂತು. ಸುತ್ತ ನೋಡಿದೆ. ಆ ಹಿತ್ತಲಲ್ಲಿ ಸುಣ್ಣ ಎಲ್ಲೂ ಇರಲಿಲ್ಲ.

ನಮ್ಮದು ಮಾಯಕೊಂಡದ ಕಡೆ. ಅಪ್ಪ ಕೂಲಿ ಮಾಡುತ್ತಿದ್ದರು. ಅವ್ವ ಬೇಗ ಹೋದಳು. ಚಿಕ್ಕವಳನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ನಾನು. ಅವಳ ಹೆಸರು ವಿಶಾಲಾಕ್ಷಿ, ನಮಗೆ ವಿಶಾಲಿ. ಓದಿನಲ್ಲಿ ಜಾಣೆ. ವಿದ್ಯಾರ್ಥಿವೇತನ ಸಿಕ್ಕಿ ಓದುತ್ತಾ ಹೋದಳು. ಭೂಮಿಯ ಬಗ್ಗೆ, ಕಲ್ಲಿನ ಬಗ್ಗೆ ಓದಿ ಡಾಕ್ಟರ್ ಎನಿಸಿಕೊಂಡು, ದಾವಣಗೆರೆಯ ಒಂದು ಕಾಲೇಜಿನಲ್ಲಿ ಪಾಠ ಹೇಳಲು ಸೇರಿದಳು. ಮದುವೆ ಆಗಲಿಲ್ಲ. ನನ್ನನ್ನು ಕೊಟ್ಟದ್ದು ಒಬ್ಬ ಕಲ್ಲುಕೆಲಸದ ಮೇಸ್ತ್ರಿಗೆ. ಹನ್ನೊಂದು ವರ್ಷ ಅವರ ಹಿಂದೆ ಬಂಡೆಯಿಂದ ಬಂಡೆಗೆ ಸುಣ್ಣದ ಬಕೀಟು ಹಿಡಿದು ತಿರುಗಿದೆ. ಅವರು ತೀರಿಕೊಂಡ ಮೇಲೆ ವಿಶಾಲಿ ಬಂದು, "ಅಕ್ಕ, ಎದ್ದು ನಡಿ, ಇಲ್ಲಿ ಯಾರಿದ್ದಾರೆ ನಿಂಗೆ" ಎಂದು ವಿದ್ಯಾನಗರದ ತನ್ನ ಮನೆಗೆ ಕರೆದುಕೊಂಡು ಹೋದಳು. ಹಾಗೆ ನಾವಿಬ್ಬರೂ ಕಲ್ಲಿನವರೇ. ಆದರೆ ಅವಳ ಕಲ್ಲು ಬೇರೆ, ನನ್ನ ಕಲ್ಲು ಬೇರೆ ಎಂದು ಇಬ್ಬರೂ ತಿಳಿದಿದ್ದೆವು.

ತೊಂಬತ್ತರ ದಶಕ ಮುಗಿಯುತ್ತಾ ಬಂದಿದ್ದ ಆ ವರ್ಷ, ಒಂದು ಅಂತರರಾಷ್ಟ್ರೀಯ ಸಂಘದ ಕಚೇರಿ ನಮ್ಮ ಮನೆಯ ಮುಂದಿನ ಕೋಣೆಗೆ ಬಂತು. ಹಿಂದಿನ ಕಾರ್ಯದರ್ಶಿಯ ದೇಶದಿಂದ ನಾಲ್ಕು ಮರದ ಪೆಟ್ಟಿಗೆಗಳು ಹಡಗು ಹತ್ತಿ, ರೈಲು ಹತ್ತಿ, ಕೊನೆಗೆ ಸಾಮಾನಿನ ಆಟೋದಲ್ಲಿ ನಮ್ಮ ಗೇಟಿನ ಮುಂದೆ ಇಳಿದವು. ಸಂಘದ ಹೆಸರು ಇಂಗ್ಲಿಷಿನಲ್ಲಿ ಎರಡು ಸಾಲು. ನಾವು ಕಲ್ಲಿನ ಸಂಘ ಎನ್ನುತ್ತಿದ್ದೆವು. ಭೂಮಿ ತನ್ನ ಹಳೆಯ ಕಾಲದ ಗುರುತು ಬಿಟ್ಟಿರುವ ಜಾಗಗಳು ಪ್ರಪಂಚದ ಎಲ್ಲ ಕಡೆ ಇವೆಯಂತೆ. ಅವನ್ನು ಹುಡುಕಿ, ಪಟ್ಟಿ ಮಾಡಿ, ಆಯಾ ಸರ್ಕಾರಕ್ಕೆ ಬರೆದು, ಒಡೆದು ಹೋಗದ ಹಾಗೆ ಕಾಯುವುದು ಸಂಘದ ಕೆಲಸ. ಅಧ್ಯಕ್ಷೆ ಯಾವುದೋ ಚಳಿ ದೇಶದ ಮುದುಕಿ. ಕಾರ್ಯದರ್ಶಿ ನನ್ನ ತಂಗಿ. ಪ್ಯೂನು ನಾನು.

ಅವಳು ಕಾಲೇಜಿಗೆ ಹೋದ ಮೇಲೆ ಕಚೇರಿ ನನ್ನದೇ. ಬಂದ ಕಾಗದಗಳನ್ನು ಸ್ಟಾಂಪು ನೋಡಿ ದೇಶವಾರು ಜೋಡಿಸಿಡುತ್ತಿದ್ದೆ. ಫ್ಯಾಕ್ಸ್ ಬಂದಿದೆ ಎಂದು ಎಸ್‌ಟಿಡಿ ಅಂಗಡಿಯವನು ಹೇಳಿ ಕಳಿಸಿದರೆ ಹೋಗಿ ತರುತ್ತಿದ್ದೆ. ಆ ಕಾಗದ ಬಿಸಿಯಾಗಿರುತ್ತಿತ್ತು, ಆಗತಾನೇ ಯಾರೋ ಕೈಯಲ್ಲಿ ಹಿಡಿದು ಬಿಟ್ಟ ಹಾಗೆ. ಮೂರು ತಿಂಗಳಿಗೊಮ್ಮೆ ಸಂಘದ ಪತ್ರಿಕೆ ಹೋಗಬೇಕು. ಅಕ್ಕತಂಗಿ ಇಬ್ಬರೂ ನೆಲದ ಮೇಲೆ ಕೂತು ಮಡಚಿ, ಮೈದಾಹಿಟ್ಟಿನ ಅಂಟು ಹಚ್ಚಿ, ಲಕೋಟೆ ಮುಚ್ಚುತ್ತಿದ್ದೆವು. ಪೋಸ್ಟಾಫೀಸಿನ ಗುಮಾಸ್ತರು ನನ್ನ ಚೀಲ ನೋಡಿದೊಡನೆ, "ಬಸಮ್ಮಾರು ಬಂದ್ರಪ್ಪೋ! ಇವತ್ತು ಯಾವ ದೇಶಕ್ಕೆ ಕಲ್ಲು ಒಗಿಯಾಕ್ ಹೊಂಟೀರಿ?" ಎಂದು ಕೂಗುತ್ತಿದ್ದರು.

"ನಿಮ್ಮ ಮನಿಗೇ ಒಂದು ಒಗಿಯಾನ ಅಂತ ಮಾಡೀನಿ, ಅಡ್ರೆಸ್ ಕೊಡ್ರಿ" ಎನ್ನುತ್ತಿದ್ದೆ. ಸಾಲಿನಲ್ಲಿ ನಿಂತವರೆಲ್ಲ ನಗುತ್ತಿದ್ದರು. ಖುಷಿಯ ದಿನಗಳು.

ಒಂದು ಮಾತ್ರ ನನಗೆ ಆಗುತ್ತಿರಲಿಲ್ಲ. ಪೆಟ್ಟಿಗೆಗಳ ಜೊತೆ ಕೆಲವು ಕಲ್ಲಿನ ತುಂಡುಗಳೂ ಬಂದಿದ್ದವು. ಅದರಲ್ಲೊಂದು ಅಂಗೈ ಅಗಲದ್ದು, ಮೈತುಂಬ ಸಣ್ಣ ಸಣ್ಣ ಗುಳಿ. ವಿಶಾಲಿ ಹೇಳಿದಳು, "ಅಕ್ಕ, ಇದು ಮಳೆ ಬಿದ್ದ ಗುರುತು. ಕೆಸರಿನ ಮೇಲೆ ಹನಿ ಬಿದ್ದಾವೆ, ಕೆಸರು ಒಣಗೈತೆ, ಕಲ್ಲಾಗೈತೆ. ಆ ಮಳೆ ಬಂದಾಗ ನೆನೆಯಾಕೆ ಒಂದು ಹುಳಾನೂ ಇರಲಿಲ್ಲ." ಮಧ್ಯಾಹ್ನ ಒಬ್ಬಳೇ ಧೂಳು ಒರೆಸುವಾಗ ಆ ಗುಳಿಗಳಿಗೆ ಬೆರಳು ತಾಗಿದರೆ ಬೆರಳ ತುದಿ ತಣ್ಣಗಾಗುತ್ತಿತ್ತು. ಯಾರೂ ನೆನೆಯದ ಮಳೆ. ನೋಡುವವರೇ ಇಲ್ಲದಿದ್ದರೂ ಅದು ಅಷ್ಟು ಹೊತ್ತು ಬಿದ್ದಿತಲ್ಲ ಎಂದು ಯೋಚನೆ ಬಂದರೆ ಬಾಗಿಲು ತೆರೆದು ಬೀದಿಗೆ ಬಂದು ನಿಲ್ಲುತ್ತಿದ್ದೆ. ಸ್ಕೂಟರುಗಳು, ಹಾಸ್ಟೆಲಿನ ಹುಡುಗಿಯರು, ಸಿಟಿ ಬಸ್ಸು ಕಂಡ ಮೇಲೆ ಜೀವ ಬರುತ್ತಿತ್ತು.

ಹರಿಹರದಿಂದ ಮುಂದೆ, ಸಾರಥಿ ಎಂಬ ಊರು ದಾಟಿ ಹೊಲಗಳಾಚೆ ಒಂದು ಬಂಡೆ ಇತ್ತು. ವಿಶಾಲಿಯೇ ಅದನ್ನು ಹುಡುಕಿದ್ದು. ಎರಡು ಅಂಕಣದ ಮನೆಯಷ್ಟು ಅಗಲ, ಮಲಗಿದ ಬಂಡೆ, ಮೈಯೆಲ್ಲಾ ಅಲೆ. ಹೊಳೆದಂಡೆಯ ಮರಳಿನ ಮೇಲೆ ನೀರು ಇಳಿದ ಮೇಲೆ ಬೀಳುವ ಗೆರೆಗಳಿವೆಯಲ್ಲ, ಥೇಟ್ ಹಾಗೆ. ಅಲ್ಲಿ ಒಂದು ಕಾಲದಲ್ಲಿ ಸಮುದ್ರವಿತ್ತಂತೆ. ನಾನು ಸಮುದ್ರ ನೋಡಿದವಳಲ್ಲ. ನಾನು ನೋಡಿದ ಒಂದೇ ಸಮುದ್ರ ಅದು, ಒಣಗಿದ್ದು.

ಸಾರಥಿಯ ಹೆಂಗಸರು ಅದರ ಮೇಲೆ ಮೆಣಸಿನಕಾಯಿ ಒಣಹಾಕುತ್ತಿದ್ದರು. ಆದರೆ ಹನ್ನೆರಡು ಗಂಟೆಯಾಯಿತೆಂದರೆ ಎದ್ದು ಹೋಗುತ್ತಿದ್ದರು. ಪಕ್ಕದ ಹೊಲದ ಕೆಂಚಮ್ಮ ಎಂಬಾಕೆ ನಮ್ಮನ್ನು ಮೊದಲ ಸಲ ನೋಡಿದಾಗಲೇ ಹೇಳಿದ್ದಳು, "ಈಟೊತ್ತಿನಾಗ ಅದರ ಮ್ಯಾಲೆ ಅಡ್ಡಾಡಬ್ಯಾಡ್ರಿ. ಕೆಳಗೂ ಅಡ್ಡಾಡ್ತಾರೆ."

ಅವಳು ಹೇಳಿದ್ದು ಸುಳ್ಳಲ್ಲ. ಬರಿಗಾಲಿನಲ್ಲಿ ನಡೆದರೆ ನಮ್ಮ ಹೆಜ್ಜೆಯ ಸದ್ದು ಒಂದು ಉಸಿರು ತಡವಾಗಿ ಕೆಳಗಿನಿಂದ ಬರುತ್ತಿತ್ತು. ನಾವು ಇಬ್ಬರು ನಡೆದರೆ ಕೆಳಗೆ ಮೂವರು ನಡೆದ ಹಾಗೆ. ವಿಶಾಲಿ ನಕ್ಕಳು. "ಮೇಲಿನ ಪದರ ಕೆಳಗಿನದನ್ನ ಬಿಟ್ಟು ಎದ್ದೈತೆ ಅಕ್ಕ, ಒಳಗೆ ಪೊಳ್ಳು, ಅದಕ್ಕೆ." ಪೊಳ್ಳು ಎಂದು ನನಗೂ ಗೊತ್ತಿತ್ತು. ಅಂಥ ಬಂಡೆ ಹಾರೆ ಹಾಕಿದರೆ ಹಾಳೆ ಹಾಳೆಯಾಗಿ ಏಳುತ್ತದೆ, ನಮ್ಮ ಯಜಮಾನರು ಇಂಥದನ್ನು ನೋಡಿದರೆ ಕುಣಿಯುತ್ತಿದ್ದರು. ಅದನ್ನು ಹೇಳಬೇಕೆಂದು ಬಾಯಿ ತೆರೆದೆ. ಅವಳು ಆಗಲೇ ಕ್ಯಾಮೆರಾ ಹಿಡಿದು ಆ ಕಡೆ ಹೋಗಿದ್ದಳು.

ಬೇಸಿಗೆಯಲ್ಲಿ ಆ ಚಳಿ ದೇಶದ ಅಧ್ಯಕ್ಷೆ ಬಂಡೆ ನೋಡಲೆಂದೇ ಬಂದಳು. ಜೊತೆಗೆ ಬೆಂಗಳೂರಿನಿಂದ ಒಬ್ಬರು ಪ್ರೊಫೆಸರು. ನಾನು ಬೆಳಗಿನಿಂದ ಮಂಡಕ್ಕಿ ಒಗ್ಗರಣೆ, ಮೆಣಸಿನಕಾಯಿ ಬಜ್ಜಿ ಮಾಡಿ, ಹೊಸ ಸೀರೆ ಉಟ್ಟು ಬಾಗಿಲಲ್ಲಿ ನಿಂತಿದ್ದೆ. ಪ್ರೊಫೆಸರು ನನಗೆ ಕೈ ಮುಗಿದು, "ಇವರು?" ಎಂದರು.

"ಇವರು ಬಸಮ್ಮ ಅಂತ. ಮನೆ ನೋಡ್ಕೋತಾರೆ" ಎಂದಳು ವಿಶಾಲಿ.

ಅಷ್ಟೇ. ನಮ್ಮಕ್ಕ ಎನ್ನಲಿಲ್ಲ. ಮರೆತಳೋ, ನಾಚಿಕೆಯೋ, ಆ ಗಡಿಬಿಡಿಯಲ್ಲಿ ಬಾಯಿಗೆ ಬಂದದ್ದೋ. ನಾನು ಒಳಗೆ ಹೋಗಿ ಬಜ್ಜಿ ತಂದಿಟ್ಟೆ. ಮುದುಕಿ ಎರಡು ಬಜ್ಜಿ ತಿಂದು ಕಣ್ಣಲ್ಲಿ ನೀರು ಸುರಿಸುತ್ತಾ ಮೂರನೆಯದಕ್ಕೆ ಕೈ ಹಾಕಿದಳು. ಎಲ್ಲರೂ ನಕ್ಕರು. ನಾನೂ ನಕ್ಕೆ. ಬಂಡೆಗೆ ಹೋದಾಗ ಆ ಮುದುಕಿ ಬೂಟು ಕಾಲುಚೀಲ ಬಿಚ್ಚಿ ಅದರ ಮೇಲೆ ನಡೆದಳು. ನಮಗೂ ಚಪ್ಪಲಿ ಬಿಡಿ ಎಂದು ಕೈಸನ್ನೆ ಮಾಡಿದಳು. ನಾಲ್ಕು ಜನ ಸಾಲಾಗಿ ನಡೆದೆವು. ನಾನು ಕೆಳಗಿನ ಹೆಜ್ಜೆಗಳನ್ನು ಎಣಿಸಲಿಲ್ಲ, ನನ್ನ ತಲೆಯಲ್ಲಿ "ಮನೆ ನೋಡ್ಕೋತಾರೆ" ಎಂಬುದೇ ತಿರುಗುತ್ತಿತ್ತು.

ಶ್ರಾವಣದಲ್ಲಿ ಹತ್ತು ದೇಶದ ಸದಸ್ಯರು ಬರುವುದು, ಬಂಡೆ ನೋಡುವುದು, ಸಂಘದ ಪಟ್ಟಿಗೆ ಅದನ್ನು ಸೇರಿಸುವುದು ಎಂದು ತೀರ್ಮಾನವಾಯಿತು. ಪಟ್ಟಿಗೆ ಸೇರಿದರೆ ಆ ಬಂಡೆಯನ್ನು ಯಾರೂ ಮುಟ್ಟುವ ಹಾಗಿಲ್ಲ, ವಿಶಾಲಿ ಹತ್ತು ವರ್ಷ ಬಿಸಿಲಲ್ಲಿ ತಿರುಗಿದ್ದಕ್ಕೂ ಒಂದು ಅರ್ಥ. ಆದರೆ ಬಂಡೆಯ ಪಕ್ಕದ ಗುಡ್ಡದಲ್ಲಿ ಕಲ್ಲು ತೆಗೆಯುವ ಕೆಲಸ ನಡೆದಿತ್ತು, ದಿನದಿನವೂ ಹತ್ತಿರ ಬರುತ್ತಿತ್ತು. ಅವಳು ಓಡಾಡಿ ಹರಿಹರದ ಸರ್ಕಾರಿ ಕಚೇರಿಗೆ ಅರ್ಜಿ ಕೊಟ್ಟಳು. ಮುಂದಿನ ವಾರ ಅಳತೆಗೆ ಬರುತ್ತೇವೆ, ಎಷ್ಟು ಜಾಗ ಬಿಡಿಸಬೇಕೋ ಅಷ್ಟಕ್ಕೆ ಗುರುತು ಹಾಕಿಡಿ ಎಂದು ಅಲ್ಲಿಯ ಸಾಹೇಬರು ಹೇಳಿದರು.

"ಬಣ್ಣ ಹಚ್ಚಂಗಿಲ್ಲ, ಸಂಘದ ನಿಯಮ" ಎಂದಳು ವಿಶಾಲಿ. "ಸುಣ್ಣ ಆದ್ರೆ ಮಳಿಗೆ ತೊಳೆದು ಹೋಗ್ತೈತೆ. ನಿಂಗೆ ಗೆರಿ ನೆಟ್ಟಗೆ ಎಳಿಯಾಕ್ ಬರ್ತೈತಲ್ಲಕ್ಕ? ನೀನೇ ಎಳಿ."

ಇಲ್ಲಿ ಒಂದು ವಿಷಯ ಹೇಳಬೇಕು. ಕಲ್ಲುಕೆಲಸದವರು ಬಂಡೆಯ ಮೇಲೆ ಸುಣ್ಣದ ಹುರಿಯಿಂದ ಗೆರೆ ಹೊಡೆದರೆ ಅದು ಕಾಯುವ ಗೆರೆಯಲ್ಲ, ಏಳಿಸುವ ಗೆರೆ. ಒಳಗಿನದನ್ನು ಎಬ್ಬಿಸು, ಹೊರಗಿನದನ್ನು ಮುಟ್ಟಬೇಡ ಎಂದು ಅರ್ಥ. ಬರೀ ಗೆರೆಯಿದ್ದರೆ ಆಳುಗಳು ಮೇಸ್ತ್ರಿಗಾಗಿ ಕಾಯುತ್ತಾರೆ, ಒಂದು ಮಾತು ಕೇಳುತ್ತಾರೆ. ನಾಲ್ಕು ಮೂಲೆಗೂ ಎರಡೆರಡು ಚುಕ್ಕಿ ಇದ್ದರೆ ಕೇಳುವಂತಿಲ್ಲ. ಅಳತೆ ಮುಗಿದಿದೆ, ಹಾರೆ ಹಾಕಿ ಎಂದೇ. ಆ ಚುಕ್ಕಿ ನಮ್ಮ ಯಜಮಾನರ ಗುಂಪಿನ ಪದ್ಧತಿ. ಹನ್ನೊಂದು ವರ್ಷ ಅದನ್ನು ಇಟ್ಟವಳು ನಾನು.

ವಿಶಾಲಿಗೆ ಇದು ಗೊತ್ತಿರಲಿಲ್ಲ. ಪ್ರಪಂಚದ ಕಲ್ಲೆಲ್ಲ ಗೊತ್ತಿದ್ದವಳಿಗೆ ಇದೊಂದು ಗೊತ್ತಿರಲಿಲ್ಲ. ಅವಳ ಪತ್ರಿಕೆಯಲ್ಲಿ ಪ್ರತಿ ಸಲವೂ ಒಂದು ಮಾತು ಅಚ್ಚಾಗುತ್ತಿತ್ತಂತೆ, ಯಾವ ಜಾಗವನ್ನು ಕಾಪಾಡಬೇಕಾದರೂ ಮೊದಲು ಅಲ್ಲಿ ಕೆಲಸ ಮಾಡುವವರನ್ನು ಕೇಳಿ ಎಂದು. ಅವಳೇ ನನಗೆ ಓದಿ ಹೇಳಿದ್ದಳು. ನನ್ನನ್ನು ಕೇಳಲಿಲ್ಲ.

ರೋಹಿಣಿ ಮಳೆಯ ದಿನಗಳು, ಮಳೆ ಮಾತ್ರ ಇರಲಿಲ್ಲ. ಬೆಳಿಗ್ಗೆ ಬಸ್ಸಿಗೆ ಸಾರಥಿಗೆ ಹೋದೆವು. ಕಲ್ಲು ತೆಗೆಯುವವರು ಯಾರೂ ಇರಲಿಲ್ಲ, ಅವರ ಮೇಸ್ತ್ರಿ ಹನುಮಂತಪ್ಪನ ಮಗಳ ಮದುವೆಯೆಂದು ಗುಂಪಿಗೆ ಗುಂಪೇ ಊರಿಗೆ ಹೋಗಿತ್ತು. ಈ ಹನುಮಂತಪ್ಪ ಒಂದು ಕಾಲಕ್ಕೆ ನಮ್ಮ ಯಜಮಾನರ ಕೈಕೆಳಗೆ ಕೆಲಸ ಕಲಿತವನು. ವಿಶಾಲಿ ಎಲ್ಲೆಲ್ಲಿ ಗೆರೆ ಬರಬೇಕೆಂದು ತೋರಿಸಿ, ಹರಿಹರದಲ್ಲಿ ಸಾಹೇಬರು ಸಿಗುವ ಹೊತ್ತೆಂದು ಹೊರಟುಬಿಟ್ಟಳು. ಬಂಡೆಯ ಮೇಲೆ ನಾನೊಬ್ಬಳೇ.

ಹುರಿಯ ಒಂದು ತುದಿಗೆ ಕಲ್ಲು ಹೇರಿ, ಇನ್ನೊಂದು ತುದಿ ಹಿಡಿದು, ಸುಣ್ಣದಲ್ಲಿ ಅದ್ದಿ, ಎಳೆದು ಬಿಟ್ಟೆ. ಹುರಿ ಬಂಡೆಗೆ ಬಡಿದ ಸದ್ದು ಮೇಲೆ ಒಮ್ಮೆ, ಕೆಳಗೆ ಒಮ್ಮೆ. ಎರಡು ಗೆರೆ ಮುಗಿಯುವಷ್ಟರಲ್ಲಿ ನೆತ್ತಿಯ ಮೇಲೆ ಸೂರ್ಯ. ನನ್ನ ನೆರಳು ಕಾಲಡಿಗೆ ಸೇರಿಹೋಗಿತ್ತು. ಮೂರನೇ ಮೂಲೆಗೆ ನಡೆದು ಹೋಗುವಾಗ ನಿಂತೆ. ಕೆಳಗಿನವರು ನಿಲ್ಲಲಿಲ್ಲ. ಒಂದು ಹೆಜ್ಜೆ, ಎರಡು ಹೆಜ್ಜೆ, ನನ್ನನ್ನು ದಾಟಿ ಮುಂದೆ ಹೋದ ಹಾಗೆ ಕೇಳಿಸಿತು. ಪೊಳ್ಳು, ಪೊಳ್ಳು ಎಂದು ವಿಶಾಲಿಯ ಮಾತನ್ನೇ ಬಾಯಲ್ಲಿ ಹೇಳಿಕೊಂಡೆ. ಹೊಲದ ಬದುವಿನಲ್ಲಿ ನಿಂತಿದ್ದ ಕೆಂಚಮ್ಮ ಕೂಗಿದಳು, "ಬಸವ್ವಾ, ಇಳಿದ್ ಬಾರವಾ ಮಾರಾಯ್ತಿ! ಹೊತ್ತು ನೋಡು!"

"ಮುಗೀತು, ಬಂದೆ!" ಎಂದೆ.

ಅವಸರದಲ್ಲಿ ಕೊನೆಯ ಗೆರೆ ಹೊಡೆದು ಇಳಿದು ಓಡಿಬಂದೆ. ಕೆಂಚಮ್ಮ ಕೊಟ್ಟ ಮಜ್ಜಿಗೆ ಕುಡಿದು ರಸ್ತೆಗೆ ಬಂದು ಬಸ್ಸಿಗೆ ಕಾಯುವಾಗ ಬೆರಳು ನೋಡಿಕೊಂಡೆ. ತೋರುಬೆರಳ ತುದಿಗೆ ಗುಂಡಗೆ ಸುಣ್ಣ ಹತ್ತಿತ್ತು. ಹುರಿ ಹಿಡಿದರೆ ಅಲ್ಲಿಗೆ ಸುಣ್ಣ ಹತ್ತುವುದಿಲ್ಲ, ಚುಕ್ಕಿ ಇಟ್ಟರೆ ಮಾತ್ರ. ನಾಲ್ಕು ಮೂಲೆಗೂ ಇಟ್ಟುಬಂದಿದ್ದೆ. ಯಾವಾಗ ಇಟ್ಟೆ ಎಂದು ನೆನಪೇ ಇಲ್ಲ. ಕೈ ತನ್ನ ಪಾಡಿಗೆ ಇಟ್ಟುಬಿಟ್ಟಿತ್ತು. ಅಲ್ಲಿಯವರೆಗೆ ತಪ್ಪು ಕೈಯದು.

ಆಮೇಲಿನದು ನನ್ನದು. ಬಂಡೆಗೆ ಹತ್ತು ನಿಮಿಷದ ದಾರಿ. ಪ್ರತಿ ಮೂಲೆಗೆ ಒಂದು ಚುಕ್ಕಿ ಒರೆಸಿದ್ದರೂ ಸಾಕು, ಕೇಳದೆ ಹಾರೆ ಹಾಕುವಂತಿಲ್ಲ. ಬಸ್ಸು ಇನ್ನೂ ಕಂಡಿರಲಿಲ್ಲ. ಕೆಳಗಿನ ಹೆಜ್ಜೆಗಳಿಗೆ ಹೆದರಿದೆ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಹೆದರಿದ್ದು ನಿಜ. ಆದರೆ ಅದರ ಕೆಳಗೆ ಇನ್ನೊಂದಿತ್ತು. ಅಷ್ಟೆಲ್ಲ ತಿಳಿದವಳು ಇದನ್ನೂ ತಿಳಿದುಕೊಳ್ಳಲಿ. ಮನೆ ನೋಡಿಕೊಳ್ಳುವವಳಿಗೆ ಏನು ಗೊತ್ತು ಅಂತ ಅಲ್ಲವಾ ಅವಳ ಲೆಕ್ಕ. ಹೀಗೆ ಅಂದುಕೊಂಡು ಬಸ್ಸು ಹತ್ತಿದೆ.

ಬಂಡೆ ಒಡೆಯಲಿ ಎಂದು ನನಗಿರಲಿಲ್ಲ. ಹನುಮಂತಪ್ಪ ಮದುವೆ ಮುಗಿಸಿ ಬರಲು ನಾಲ್ಕೈದು ದಿನ ಬೇಕು, ಅಷ್ಟರಲ್ಲಿ ಹೇಳಿದರಾಯಿತು, ಅವಳು ಒಂದು ದಿನ ಗಾಬರಿ ಬೀಳಲಿ, "ಅಯ್ಯೋ ಅಕ್ಕ, ನೀನಿಲ್ಲದಿದ್ರೆ ಏನಾಗ್ತಿತ್ತು" ಎನ್ನಲಿ. ಇಷ್ಟೇ ಆಸೆ.

ಆ ಸಂಜೆ ಊಟಕ್ಕೆ ಕೂತಾಗ ಅವಳು ಕೇಳಿದಳು. "ಗೆರಿ ನೋಡಿದ್ಮೇಲೆ ಯಾರೂ ಮುಟ್ಟಲ್ಲ ಅಲ್ವಾ ಅಕ್ಕ?"

"ಯಾರ್ ಮುಟ್ತಾರೆ, ಉಣ್ಣು" ಎಂದೆ.

ಮರುದಿನ ಹೇಳೋಣವೆಂದುಕೊಂಡೆ, ಅವಳು ಕಾಗದ ಬರೆಯುತ್ತಿದ್ದಳು. ಅದರ ಮರುದಿನ ಹತ್ತು ದೇಶಕ್ಕೂ ಫ್ಯಾಕ್ಸ್ ಕಳಿಸುವ ಕೆಲಸ. ಹೇಳದೆ ಒಂದು ದಿನ ಕಳೆದ ಮೇಲೆ, ನಿನ್ನೆಯೇ ಯಾಕೆ ಹೇಳಲಿಲ್ಲ ಎಂಬ ಪ್ರಶ್ನೆಗೂ ಉತ್ತರ ಹುಡುಕಬೇಕಾಗುತ್ತದೆ. ಎರಡು ದಿನ ಕಳೆದರೆ ಇನ್ನೂ ಕಷ್ಟ. ನಾನು ಮಹಡಿ ಮೆಟ್ಟಿಲ ಮೇಲೆ ನಿಂತು ಆಕಾಶ ನೋಡುತ್ತಿದ್ದೆ. ಮಳೆ ಬಂದರೆ ಗೆರೆ, ಚುಕ್ಕಿ ಎಲ್ಲ ತೊಳೆದುಹೋಗುತ್ತವೆ, ನಾನು ಬಾಯಿ ಬಿಡಬೇಕಾಗಿಲ್ಲ. ಪ್ರತಿ ಮಧ್ಯಾಹ್ನ ಹರಿಹರದ ಕಡೆಯಿಂದ ಮೋಡ ಕಪ್ಪಾಗಿ ಎದ್ದು ಬಂದು, ವಿದ್ಯಾನಗರದ ಮೇಲೆ ನಿಂತು, ಒಂದು ಹನಿಯೂ ಬೀಳಿಸದೆ ಬಿಚ್ಚಿಕೊಂಡು ಹೋಗುತ್ತಿತ್ತು. ಕಚೇರಿಯ ಕೋಣೆಯಲ್ಲಿ ಬೀರು ಸೆಖೆಗೆ ಟಕ್ ಟಕ್ ಎನ್ನುತ್ತಿತ್ತು. ಆ ಗುಳಿಗುಳಿ ಕಲ್ಲನ್ನು ಒರೆಸಲು ಹೋದವಳು ಹಾಗೇ ಬಂದುಬಿಟ್ಟೆ.

ಐದನೇ ದಿನ ಅಳತೆಯವರು ಬರುತ್ತಾರೆಂದು ವಿಶಾಲಿ ನನ್ನನ್ನು ಕರೆದುಕೊಂಡು ಹೋದಳು. ಹೊಲದ ದಾರಿಯಲ್ಲಿ ಉಳಿಯ ಸದ್ದು ಕೇಳಿಸಿತು. ವಿಶಾಲಿ ಓಡಿದಳು.

ಹನುಮಂತಪ್ಪ ಮದುವೆ ಬೇಗ ಮುಗಿಸಿ ಬಂದಿದ್ದ. ಎರಡು ದಿನದ ಕೆಲಸ ಅದು. ಬಂಡೆ ಇದ್ದಲ್ಲಿ ನಾಲ್ಕು ಮೂಲೆಯ ಗುಂಡಿ. ನಾನು ಅಷ್ಟು ಶುದ್ಧವಾದ ಕೆಲಸ ನೋಡಿಲ್ಲ. ಗೆರೆಯ ಹೊರಗೆ ಒಂದು ಬೆರಳಗಲವೂ ಮುಟ್ಟಿರಲಿಲ್ಲ. ಸುಣ್ಣದ ಗೆರೆಯ ಹೊರಗಿನ ಅರ್ಧಭಾಗ ಗುಂಡಿಯ ಅಂಚಿಗೆ ಹಾಗೇ ಬೆಳ್ಳಗೆ ಉಳಿದಿತ್ತು. ಅಲೆಗಳು ಬಂದು ಬಂದು ಆ ಅಂಚಿಗೆ ನಿಂತುಬಿಟ್ಟಿದ್ದವು. ಚಪ್ಪಡಿಗಳಲ್ಲಿ ಮುಕ್ಕಾಲು ಪಾಲು ಲಾರಿಯಲ್ಲಿ ಹೋಗಿಯಾಗಿತ್ತು.

ಹನುಮಂತಪ್ಪ ನನ್ನನ್ನು ನೋಡಿ ರುಮಾಲು ಬಿಚ್ಚಿ ನಗುತ್ತಾ ಬಂದ. "ಅಕ್ಕಾರೇ! ಮೂಲಿಗೆ ಚುಕ್ಕಿ ನೋಡಿದ್ ಕೂಡ್ಲೇ ಅಂದೆ, ಇದು ನಮ್ಮ ಗುರುಗಳ ಮನೀ ಕೈ ಅಂತ. ಯಾರ್ನೂ ಕೇಳ್ಲಿಲ್ಲ ನೋಡ್ರಿ, ಹಾರೆ ಹಾಕ್ಸಿದೆ. ಎಂಥಾ ಕಲ್ಲು ತೋರ್ಸಿದ್ರಿ!"

ವಿಶಾಲಿ ದೂರದಲ್ಲಿ ಗುಂಡಿಯ ಅಂಚಿಗೆ ಕೂತಿದ್ದಳು, ಅವಳಿಗೆ ಈ ಮಾತು ಕೇಳಿಸಲಿಲ್ಲ. ನಾನು ಅವನಿಗೆ, "ಆಕಿ ಮುಂದೆ ಚುಕ್ಕಿ ಮಾತು ಆಡಬ್ಯಾಡ" ಎಂದೆ. ಅವನ ನಗು ಇಳಿಯಿತು. ನನ್ನ ಮುಖ ನೋಡಿ ಅವನಿಗೆ ಏನು ಅರ್ಥವಾಯಿತೋ, ಬಿಚ್ಚಿದ ರುಮಾಲು ಮತ್ತೆ ಸುತ್ತಿಕೊಂಡ. ವಿಶಾಲಿ ಬಂದು ಕೇಳಿದ್ದಕ್ಕೆ, "ಸುಣ್ಣದ ಗೆರಿ ಇತ್ತಲ್ರೀ ಮೇಡಂ, ನಮ್ಮ ಕಸುಬಿನಾಗ ಗೆರಿ ಅಂದ್ರೆ ಎಬ್ಸು ಅಂತ" ಎಂದಷ್ಟೇ ಹೇಳಿದ.

ಅವಳು ನನ್ನ ಕಡೆ ತಿರುಗಿದಳು. "ಹೌದಾ ಅಕ್ಕ? ನಿಂಗೆ ಗೊತ್ತಿತ್ತಾ?"

"ನಂಗೆ ಯಾವ ಕಾಲದ್ದೋ ನೆನಪಿಲ್ಲ ತಾಯಿ" ಎಂದೆ.

"ನಾನೇ ಗೆರಿ ಎಳಸ್ದೆ" ಎಂದಳು. "ನಾನೇ ಎಳಸ್ದೆ." ಬಸ್ಸಿನಲ್ಲಿ ದಾವಣಗೆರೆ ಬರುವವರೆಗೂ ಅದೊಂದೇ ಮಾತು, ಅಳುವೂ ಇಲ್ಲ. ಮರುದಿನ ಮಳೆ ಹಿಡಿದು ನಾಲ್ಕು ದಿನ ಬಿಡಲಿಲ್ಲ.

ಕಾಗದ ಬರೆದು ಎಲ್ಲರಿಗೂ ತಿಳಿಸಿದರೂ ಶ್ರಾವಣಕ್ಕೆ ಆರು ಜನ ಬಂದರು. ಮುದುಕಿಯೂ ಬಂದಳು. ಗುಂಡಿಯ ತುಂಬ ಮಳೆನೀರು ನಿಂತಿತ್ತು. ಅವರೆಲ್ಲ ಕೊಡೆ ಹಿಡಿದು ಸುತ್ತ ನಿಂತರು. ಆಗ ಗಾಳಿ ಬೀಸಿತು. ನೀರಿನ ಮೇಲೆ ಅಲೆ ಎದ್ದಿತು, ಬಂಡೆಯ ಮೇಲಿದ್ದದ್ದೇ ಅಲೆ, ಅಷ್ಟೇ ಅಂತರ, ಅದೇ ದಿಕ್ಕು. ಒಂದು ಅಂಚಿನಿಂದ ಹೊರಟು ಇನ್ನೊಂದು ಅಂಚಿನಲ್ಲಿ ಉಳಿದಿದ್ದ ಕಲ್ಲಿನ ಅಲೆಗಳಿಗೆ ಹೋಗಿ ಸೇರಿಕೊಂಡಿತು. ಕೊಡೆ ಹಿಡಿದಿದ್ದ ಒಬ್ಬಾತ ಎರಡು ಹೆಜ್ಜೆ ಹಿಂದೆ ಸರಿದ. ನನಗೆ ಆ ಹೊತ್ತಿಗೆ ಅನಿಸಿದ್ದು, ಇದು ಹೋಗಿಲ್ಲ, ಇಲ್ಲೇ ಇದೆ, ನನ್ನನ್ನು ನೋಡುತ್ತಿದೆ ಎಂದು.

ಮುದುಕಿ ನನ್ನ ಹತ್ತಿರ ಬಂದು ಎರಡೂ ಕೈ ಹಿಡಿದುಕೊಂಡು ಏನೋ ಹೇಳಿದಳು. ಪ್ರೊಫೆಸರು ಕನ್ನಡದಲ್ಲಿ ಹೇಳಿದರು. "ನಿಮ್ಮ ತಂಗೀನ ಚೆನ್ನಾಗಿ ನೋಡ್ಕೊಳ್ಳಿ ಅಂತಿದ್ದಾರೆ. ನೀವಿಬ್ಬರೂ ಅಕ್ಕತಂಗಿ ಅಂತ ಇವರಿಗೆ ಬೇಸಿಗೆಯಲ್ಲೇ ಗೊತ್ತಾಯಿತಂತೆ. ಬಂಡೆಯ ಮೇಲೆ ಚಪ್ಪಲಿ ಬಿಟ್ಟು ನಡೆದಾಗ ಇಬ್ಬರ ಪಾದವೂ ಒಂದೇ ಥರ ಇತ್ತಂತೆ." ನಾನು ಕೈ ಬಿಡಿಸಿಕೊಂಡೆ.

ಆರು ಜನವೂ ಬೇಡ ಎಂದರೂ ಕೇಳದೆ ವಿಶಾಲಿ ಕಾರ್ಯದರ್ಶಿ ಕೆಲಸ ಬಿಟ್ಟಳು. ತನ್ನ ಅಜಾಗರೂಕತೆಯಿಂದ ಹೀಗಾಯಿತು ಎಂದು ತಾನೇ ಬರೆದುಕೊಟ್ಟಳು. ಆ ಕಾಗದವನ್ನು ಪೋಸ್ಟಿಗೆ ಹಾಕಿದವಳೂ ನಾನೇ. ಗುಮಾಸ್ತರು, "ಯಾಕ ಬಸಮ್ಮಾರೆ, ಮಾತೇ ಇಲ್ಲ?" ಎಂದರು. ನಾಲ್ಕು ಪೆಟ್ಟಿಗೆ ಬೇರೆ ದೇಶಕ್ಕೆ ಹೋದವು. ಆಮೇಲೆ ಅವಳು ಯಾವ ಬೆಟ್ಟಕ್ಕೂ ಹೋಗಲಿಲ್ಲ, ಪುಸ್ತಕದಿಂದ ಪಾಠ ಹೇಳಿ ಬರುತ್ತಿದ್ದಳು.

ಒಂದು ಕೆಲಸ ಮಾತ್ರ ಬಿಡಲಿಲ್ಲ. ಭಾನುವಾರ ಬಂದರೆ ನನ್ನನ್ನು ಕರೆದುಕೊಂಡು ಹರಿಹರಕ್ಕೆ ಹೋಗುತ್ತಿದ್ದಳು. ಲಾರಿಯಲ್ಲಿ ಹೋದ ಚಪ್ಪಡಿಗಳು ಊರ ತುಂಬ ಹಂಚಿಹೋಗಿದ್ದವು. ಬೀದಿ ಬೀದಿ ತಿರುಗಿ ಹೊಸ್ತಿಲು, ಮೆಟ್ಟಿಲು, ಚರಂಡಿ ಮುಚ್ಚಿದ ಕಲ್ಲು ನೋಡುತ್ತಿದ್ದಳು. ಅಲೆ ಕಂಡರೆ ಒಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದಳು. ಟೀ ಅಂಗಡಿ ಮುಂದೆ ಒಂದು, ಗಿರಣಿ ಬಾಗಿಲಿಗೆ ಎರಡು. ಮನೆಯವರು ಹೇಳುತ್ತಿದ್ದರು, "ಈ ಕಲ್ಲು ಮಧ್ಯಾಹ್ನ ಬೆವರ್ತೈತ್ರೀ, ಬ್ಯಾಸಿಗಿಯಾಗೂ." ವಿಶಾಲಿ ಅದನ್ನೂ ಬರೆದುಕೊಳ್ಳುತ್ತಿದ್ದಳು, ಕಾರಣ ಹೇಳುತ್ತಿರಲಿಲ್ಲ. ಅವಳ ಪಕ್ಕದಲ್ಲಿ ನಾನು ಕೊಡೆ ಹಿಡಿದು ನಿಂತಿರುತ್ತಿದ್ದೆ. ಈಚೆಗೆ ಅವಳ ಮೊಣಕಾಲು ಬಗ್ಗುವುದಿಲ್ಲ. ನಾನು ಒಬ್ಬಳೇ ಹರಿಹರಕ್ಕೆ ಹೋದರೂ ಬಂದ ಕೂಡಲೇ ಕೇಳುತ್ತಾಳೆ.

ನಾಮಕರಣ ಮುಗಿಸಿ ಬಂದ ದಿನವೂ ಕೇಳಿದಳು. ಸಂಜೆ ನಾಲ್ಕು ಗಂಟೆ. ವರಾಂಡದಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದಳು. "ಎಲ್ಲಾದ್ರೂ ಕಾಣ್ತಾ ಅಕ್ಕ?"

"ಕಾಣ್ತು. ಹಿತ್ತಲಾಗೆ, ಕಾಲು ತೊಳೆಯೋ ಜಾಗದಾಗೆ."

ಅವಳು ಪೆನ್ನಿನ ಮುಚ್ಚಳ ತೆಗೆದಳು. "ನಾನೊಂದು ಗೆರಿ ಎಳಸ್ದೆ ಅಂತ ಎಷ್ಟ್ ಜನದ ಕಾಲ ಕೆಳಗೆ ಬಿತ್ತು ನೋಡು" ಎಂದು ಬರೆಯತೊಡಗಿದಳು. ಯಾವಾಗಲೂ ಹೇಳುವ ಮಾತೇ. ನಾನು ಯಾವಾಗಲೂ ಒಳಗೆ ಹೋಗಿ ಟೀ ಇಡುತ್ತಿದ್ದೆ. ಅವತ್ತು ಅವಳ ಮುಂದೆ ನೆಲದ ಮೇಲೆ ಕೂತೆ.

"ವಿಶಾಲಿ, ಬರಿಯಾದು ನಿಲ್ಸು. ಅವ್ರು ಒಡದಿದ್ದು ನಿನ್ ಗೆರಿ ನೋಡಿ ಅಲ್ಲ. ಮೂಲಿಗೆ ನಾನು ಎರಡೆರಡು ಚುಕ್ಕಿ ಇಟ್ಟಿದ್ದೆ. ಚುಕ್ಕಿ ಇದ್ರೆ ಯಾರ್ನೂ ಕೇಳ್ದೆ ಹಾರೆ ಹಾಕ್ತಾರೆ, ಅದು ನಂಗೆ ಗೊತ್ತಿತ್ತು. ಇಟ್ಟಿದ್ದು ಬಸ್ಸಿಗೆ ಕಾಯುವಾಗ್ಲೇ ಗೊತ್ತಾತು. ಹತ್ ನಿಮಿಷ ನಡದಿದ್ರೆ ಒರಸಿ ಬರ್ಬೋದಿತ್ತು, ಹೋಗ್ಲಿಲ್ಲ. ಯಾರೂ ಮುಟ್ಟಲ್ಲ ಅಲ್ವಾ ಅಂತ ನೀ ಕೇಳ್ದಾಗ ಸುಳ್ಳು ಹೇಳ್ದೆ. ಗೊತ್ತಿತ್ತಾ ಅಂದಾಗ ಇನ್ನೊಂದ್ ಸುಳ್ಳು. ಪ್ರೊಫೆಸರ ಮುಂದೆ ನೀ ನನ್ನ ಅಕ್ಕ ಅನ್ಲಿಲ್ಲ ಅಂತ ನಂಗೆ ಸಿಟ್ಟಿತ್ತು. ಅಷ್ಟಕ್ಕೇ ನಿನ್ ಜೀವ್ಮಾನ ನಿನ್ ಕೈಯಿಂದ ಕಿತ್ಗಂಡೆ. ನೀ ನಿಂದೇ ತಪ್ಪು ನಿಂದೇ ತಪ್ಪು ಅನ್ನುವಾಗೆಲ್ಲ ನಾ ಪಕ್ಕದಾಗೆ ಕೂತು ಕೇಳ್ದೆ. ತಪ್ಪು ನಂದು ವಿಶಾಲಿ, ಒಂದ್ ಚೂರೂ ನಿಂದಲ್ಲ. ತಪ್ಪಾತವ್ವ. ನನ್ನ ಕ್ಷಮಿಸು."